ಎಡಗಡೆಯ ಹೊಲಿಗೆ

ಕಡೂರು
ಶುಕ್ರವಾರ, ೧೪-೧೧-೨೦೨೫

ತಂಗಿ ಶಾಂಭವಿ,

ನೀನೂ ರುದ್ರಮೂರ್ತಿಯವರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿ ಆದಮೇಲೆ ನಿನಗೆ ಒಂದು ಮಾತೂ ತಿಳಿಸಲಿಲ್ಲ, ತಪ್ಪು ನನ್ನದೇ. ಫೋನ್ ಮಾಡೋಣವೆಂದರೆ ನಿಮ್ಮತ್ತೆ ಸ್ಪೀಕರ್ ಹಾಕಿಸಿಕೊಂಡು ಕೇಳುತ್ತಾರೆ. ಅದಕ್ಕೇ ಈ ಕಾಗದವನ್ನು ಲಿಂಗದಹಳ್ಳಿ ಬಸ್ಸಿನ ಕಂಡಕ್ಟರ್ ಕೆಂಚಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಬ್ಬಳೇ ಕೂತು ಓದು.

ಮೊದಲು ನನ್ನ ಸುಳ್ಳು ಕೇಳು. ನಾನು ಸಣ್ಣಗಾದದ್ದು ರಾಗಿ ಅಂಬಲಿಯಿಂದಲ್ಲ, ವಾಕಿಂಗಿನಿಂದಲೂ ಅಲ್ಲ. ಎರಡು ವರ್ಷದ ಹಿಂದೆ ಮೈಸೂರಿಗೆ ಮೊಣಕಾಲು ತೋರಿಸಲು ಹೋದೆನೆಂದಿದ್ದೆನಲ್ಲ, ಆಗ ಆಪರೇಷನ್ ಮಾಡಿಸಿ ಹೊಟ್ಟೆಯ ಚೀಲ ಚಿಕ್ಕದು ಮಾಡಿಸಿಕೊಂಡೆ. ನೂರ ನಾಲ್ಕು ಕೆಜಿ ಇದ್ದವಳು ಈಗ ಎಪ್ಪತ್ತೊಂದು. ರವಿಕೆ ಹೊಲಿಸಲು ಬರುವವರೆಲ್ಲ ಗುಟ್ಟು ಕೇಳಿದಾಗ ಅಂಬಲಿ ಎಂದುಬಿಟ್ಟೆ. ಈಗ ಅರ್ಧ ಬೀದಿ ಅಂಬಲಿ ಕುಡಿಯುತ್ತಿದೆ. ನನಗೆ ನಾಚಿಕೆಯಾಗುತ್ತದೆ.

ಅವ್ವ ಸ್ತನದ ಕ್ಯಾನ್ಸರಿನಿಂದ ಹೋದಳೆಂದು ಆಪರೇಷನ್ನಿಗೆ ಮುಂಚೆ ಸ್ತನದ ಎಕ್ಸ್‌ರೇ, ಮ್ಯಾಮೊಗ್ರಾಮ್ ಅನ್ನುತ್ತಾರಲ್ಲ, ಅದನ್ನು ತೆಗೆಸಿದ್ದೆ. ಹೋದ ವಾರ ಶಿವಮೊಗ್ಗದಲ್ಲಿ ಮತ್ತೆ ತೆಗೆಸಿದೆ. ಡಾಕ್ಟರಮ್ಮ ಎರಡೂ ಫಿಲ್ಮ್ ಪಕ್ಕಪಕ್ಕ ಇಟ್ಟು, "ಎದೆಯ ಸಾಂದ್ರತೆ ಜಾಸ್ತಿಯಾಗಿದೆ, ಫಿಲ್ಮ್ ಮೊದಲಿಗಿಂತ ಬೆಳ್ಳಗಿದೆ. ಮಧ್ಯದಲ್ಲಿ ಯಾವ್ದಾದ್ರೂ ಆಪರೇಷನ್ ಆಯ್ತಾ?" ಅಂದರು. ನನ್ನ ನಾದಿನಿ ದೀಪಶ್ರೀ ಪಕ್ಕದಲ್ಲೇ ಇದ್ದಳು. ಇಲ್ಲ ಎಂದೆ. "ಹಂಗಾದ್ರೆ ಇದ್ಯಾಕೆ ಹಿಂಗಾಯ್ತು?" ಎಂದು ಅವರು ಹಳೇ ಫಿಲ್ಮನ್ನು ಮತ್ತೆ ಬೆಳಕಿಗೆ ಹಿಡಿದರು. ಅಂದಿನಿಂದ ನನ್ನ ಕೈ ಸೂಜಿಗೆ ದಾರ ಪೋಣಿಸುವುದನ್ನೇ ಮರೆತಿದೆ. ಒಂದೇ ರವಿಕೆಗೆ ಎರಡು ಎಡತೋಳು ಹಚ್ಚಿ, ಬಿಚ್ಚಿ ಕೂತಿದ್ದೇನೆ.

ನಿನ್ನೆ ಒಬ್ಬಳೇ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ಬೈದರು. "ನೀವು ಮುಚ್ಚಿಟ್ರೆ ನಾನೇನ್ ನೋಡ್ಲಿ ಅಮ್ಮಾ?" ಆಮೇಲೆ ಸಮಾಧಾನವಾಗಿ ಬಿಡಿಸಿ ಹೇಳಿದರು. ಎದೆಯಲ್ಲಿದ್ದ ಕೊಬ್ಬು ಕರಗಿದೆ, ಉಳಿದ ಗ್ರಂಥಿಯ ಪಾಲು ಹೆಚ್ಚು ಕಾಣುತ್ತದೆ, ಅಷ್ಟಕ್ಕೇ ಗೆಡ್ಡೆ ಬಂತೆಂದಲ್ಲ. ತೂಕ ಇಳಿದ ಹೆಂಗಸರಿಗೆ ಕ್ಯಾನ್ಸರಿನ ಅಪಾಯ ಕಡಿಮೆಯಾಗುವುದೇ ಹೆಚ್ಚಂತೆ. ನನಗೆ ಅರ್ಥವಾದದ್ದು ಹೀಗೆ: ದೊಡ್ಡ ರವಿಕೆ ಹಿಡಿದು ಚಿಕ್ಕದು ಮಾಡಿದರೆ ಹೊಲಿಗೆ ದಪ್ಪ ಕಾಣುತ್ತದೆ, ಬಟ್ಟೆಯೇನೂ ಹೆಚ್ಚಾಗಿರುವುದಿಲ್ಲ. ಆದರೆ ಫಿಲ್ಮ್ ಬೆಳ್ಳಗಿದ್ದಾಗ ಬೆಳ್ಳಗಿನ ಗಂಟು ಅದರಲ್ಲಿ ಅಡಗಬಹುದು. ಅವ್ವನಿಗೆ ಇದ್ದದ್ದರಿಂದ ಸೋಮವಾರ ಸ್ಕ್ಯಾನಿಂಗ್ ಮಾಡುತ್ತಾರೆ. ಏನಿದೆಯೋ ಅಂದೇ ಗೊತ್ತಾಗುವುದು.

ನೀನೂ ಬಾ. ಬೆಳಿಗ್ಗೆ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರು, ನಾನು ಬಂದು ಸೇರಿಕೊಳ್ಳುತ್ತೇನೆ. ನೀನೂ ತೋರಿಸಿಕೋ, ನಿನಗೂ ನಲವತ್ತೆರಡಾಯಿತು. ಮನೆಯಲ್ಲಿ ಏನು ಹೇಳಬೇಕೆಂದು ಯೋಚಿಸಬೇಡ, ಇದ್ದದ್ದನ್ನೇ ಹೇಳು.

ನಿನ್ನ ಮನೆ ತಣ್ಣಗಿರಲಿ, ನೀನು ನೂರು ಕಾಲ ಬಾಳು.

ನಿನ್ನ ಅಕ್ಕ
ಪಂಕಜಾಕ್ಷಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕೆಂದು ಮೂರು ಹಾಳೆ ಹರಿದೆ. ನಿನ್ನ ಮದುವೆಗೆಂದು ಅವ್ವನಿಗೆ ಹಸಿರು ರವಿಕೆ ಹೊಲಿದಿದ್ದೆ. ಅಜ್ಜಂಪುರದ ಮನೆಯಲ್ಲಿ ಹಾಕಿ ನೋಡಿ, "ಎಡಗಡೆ ಬಿಗಿ ಕಣೇ, ಒಂಚೂರು ಬಿಡು" ಅಂದಳು. ಟೇಪು ಹಿಡಿದೆ. ಬಲಗಡೆಗಿಂತ ಒಂದೂವರೆ ಬೆರಳು ಹೆಚ್ಚಿತ್ತು, ಕೈಗೆ ಗಂಟೂ ಸಿಕ್ಕಿತು. "ಮದ್ವೆ ಮುಗೀಲಿ, ಯಾರ್ಗೂ ಹೇಳ್ಬೇಡ" ಅಂದಳು. ನಾನು ಎಡಗಡೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ಮದುವೆ ಮುಗಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಅವ್ವ ಯಾರಿಗೂ ಹೇಳದೆ ಹೋದಳೆಂದು ನೀನು ಅತ್ತಾಗಲೆಲ್ಲ ನಾನೂ ಹೂಂ ಎಂದಿದ್ದೇನೆ. ಅವ್ವ ನನಗೆ ಹೇಳಿದ್ದಳು ಶಾಂಭವಿ. ನಿನ್ನ ಮದುವೆಯ ಫೋಟೋದಲ್ಲಿ ಅವಳು ಹಾಕಿರುವುದು ಆ ರವಿಕೆಯನ್ನೇ. ಎಡಗಡೆ ನೋಡು, ಎಷ್ಟು ಚೆನ್ನಾಗಿ ಕೂತಿದೆ.