ಸುಮ್ಮನೆ ಬರುತ್ತಿದ್ದೇನೆ

ಮಾರ್ಚ್ ಒಂಬತ್ತು, ಭಾನುವಾರ
ಮನೆಯಿಂದ

ನನ್ನ ಪ್ರೀತಿಯ ಗಂಟೆಗೆ,

ನಾವಿಲ್ಲಿ ನೆಟ್ಟಗಿದ್ದೇವೆ, ನಮ್ಮೆಜಮಾನರ ಮಂಡಿಯೊಂದನ್ನು ಬಿಟ್ಟು. ನಿನ್ನ ಕಾರ್ಡು ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೈದುಕೋ, ಆದರೆ ಸೋಮಾರಿತನದಿಂದ ತಡವಾದದ್ದಲ್ಲ. ಟಿಕೆಟ್ ಕೈಗೆ ಬರುವವರೆಗೆ ಪೆನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೆ. ನಿನ್ನೆ ಬಂತು.

"ಈ ವರ್ಷ ಬರಬೇಡ, ಮನೆ ರಿಪೇರಿ ನಡೆಯುತ್ತಿದೆ" ಎಂದು ಬರೆದಿದ್ದೀಯ. ಒಂದೇ ಸಾಲು. ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾಂಗ್ ನಂಬರಿನವರ ಯೋಗಕ್ಷೇಮವನ್ನೂ ವಿಚಾರಿಸುತ್ತಿದ್ದವಳು ನೀನು. ನನ್ನ ಪಾಲಿಗೆ ಒಂದು ಸಾಲು. ಇರಲಿ. ಒಳಗೆ ಜಾಗವಿಲ್ಲದಿದ್ದರೆ ವರಾಂಡದಲ್ಲಿ ಮಲಗುತ್ತೇನೆ. ವರಾಂಡವನ್ನೂ ಅಗೆದಿದ್ದರೆ ನಿನ್ನ ಗಂಡನ ಐಸ್ ಫ್ಯಾಕ್ಟರಿಯಲ್ಲಿ ಮಲಗುತ್ತೇನೆ, ನಿಮ್ಮೂರ ಸೆಕೆಗೆ ಅದೇ ವಾಸಿ. ಬರುವುದಂತೂ ಬರುವುದೇ.

ಒಬ್ಬಳು ಹೆಂಗಸು ಸಮುದ್ರದ ದಡದ ಒಂದು ಮೂಲೆ ಊರಿಗೆ ಹೊರಡುವುದು ಇಷ್ಟು ದೊಡ್ಡ ರಾಜಕಾರಣವೆಂದು ನನಗೆ ತಿಳಿದಿರಲಿಲ್ಲ. ಮೊದಲು ಟ್ರಾವೆಲ್ಸ್ ಆಫೀಸಿಗೆ ಹೋದೆ. ಗಾಜಿನ ಮೇಜಿನ ಹಿಂದೆ ಒಬ್ಬ ಹುಡುಗಿ. ಅವಳ ತಲೆಯ ಮೇಲಿನ ಚಿತ್ರದಲ್ಲಿ ಬಾಗಿದ ತೆಂಗಿನ ಮರ, ಅದಕ್ಕೆ ಒರಗಿದ ಗಂಡುಹೆಣ್ಣು.

"ಆ ಊರಿಗೆ ನಮ್ಮಲ್ಲಿ ಹನಿಮೂನ್ ಪ್ಯಾಕೇಜ್ ಒಂದೇ ಇರೋದು ಆಂಟಿ."

"ಅದನ್ನೇ ಕೊಡಮ್ಮ."

"ಅದಕ್ಕೆ ಇಬ್ಬರು ಬೇಕು. ಅಂಕಲ್ ಬರ್ತಾರಲ್ಲ?"

"ಅಂಕಲ್‌ಗೆ ಮೆಟ್ಟಿಲು ಇಳಿಯೋದೇ ಒಂದು ಪ್ರವಾಸ. ನಾನೊಬ್ಬಳೇ."

ಅವಳು ಕಂಪ್ಯೂಟರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಹೋಗೋ ಕಾರಣ ಹಾಕ್ಬೇಕು. ಆಫೀಸ್ ಕೆಲಸ, ಟ್ರೀಟ್‌ಮೆಂಟ್, ಮದುವೆ, ಯಾವುದು?"

"ಯಾವುದೂ ಅಲ್ಲ. ಸುಮ್ಮನೆ."

"ಸುಮ್ಮನೆ ಅಂತ ಆಪ್ಷನ್ ಇಲ್ಲ ಆಂಟಿ."

ಗಂಟೆ, ನನಗೆ ಸಿಟ್ಟು ನೆತ್ತಿಗೇರಿತು. ನಾನು ದುಡಿಯಲು ಹೋಗಬಹುದು, ನರಳಲು ಹೋಗಬಹುದು, ಇನ್ನೊಬ್ಬರ ಮದುವೆಯಲ್ಲಿ ಎಲೆ ಎತ್ತಲು ಹೋಗಬಹುದು. ಸುಮ್ಮನೆ ಹೋಗುವುದಕ್ಕೆ ಈ ದೇಶದ ಯಾವ ಕಂಪ್ಯೂಟರಿನಲ್ಲೂ ಜಾಗವಿಲ್ಲ. ನಮ್ಮ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ, ಅದರ ಕೆಲಸವನ್ನು ಮನೆಯವರೇ ಮಾಡುತ್ತಿದ್ದರು, ಅಷ್ಟೇ ವ್ಯತ್ಯಾಸ. ಎದ್ದು ಬಂದೆ. ಸ್ಟೇಷನ್ನಿನ ಕಿಟಕಿಯ ಮುಂದೆ ಸಾಲು ನಿಂತು ನಾನೇ ಟಿಕೆಟ್ ತೆಗೆದೆ. ಆ ಕಿಟಕಿಯವನು ಏನೂ ಕೇಳಲಿಲ್ಲ, ಮುಖವನ್ನೂ ಎತ್ತಲಿಲ್ಲ. ಅವನ ಒರಟುತನ ನನಗೆ ಬಹಳ ಹಿಡಿಸಿತು.

ರೈಲು ಇಳಿದ ಮೇಲೆ ಬಸ್ಸು, ಬಸ್ಸು ಇಳಿದ ಮೇಲೆ ದೋಣಿ. ದೋಣಿ ಯಾಕೆ ಎನ್ನುವುದು ನಿನಗೆ ನೆನಪಿರಬೇಕು. ಆ ಹೊಳೆಗೆ ಸೇತುವೆ ಮಂಜೂರಾಯಿತೆಂದು ಮಂತ್ರಿಗಳು ಹೇಳಿದ ಟ್ರಂಕ್ ಕಾಲನ್ನು ಜೋಡಿಸಿದವಳು ನೀನೇ. "ಎರಡು ವರ್ಷ, ಆಮೇಲೆ ಕಾರಲ್ಲೇ ಸಮುದ್ರಕ್ಕೆ" ಎಂದಿದ್ದರಂತೆ. ಆಗ ನನ್ನ ಹೊಟ್ಟೆಯಲ್ಲಿದ್ದ ಮಗಳು ಈಗ ತಲೆಗೆ ಬಣ್ಣ ಹಚ್ಚುತ್ತಾಳೆ. ಹೊಳೆಯಲ್ಲಿ ಕಂಬಗಳು ಮಾತ್ರ ನಿಂತಿವೆಯೆಂದು ನೀನೇ ಹೇಳಿದ್ದೆ. ಈ ವಿಚಾರವನ್ನು ಪತ್ರಿಕೆಗೆ ಉದ್ದವಾಗಿ ಬರೆದೆ. ಅವರು ಕತ್ತರಿಸಿ ಕತ್ತರಿಸಿ, ಕಳೆದುಹೋದ ನಾಯಿಯ ಜಾಹೀರಾತಿನ ಕೆಳಗೆ ನಾಲ್ಕು ಸಾಲು ಹಾಕಿದರು. ಬಿಡುವವಳಲ್ಲ ನಾನು. ಆ ಕಂಬಗಳನ್ನು ಕಣ್ಣಾರೆ ನೋಡಿ ಬಂದು ಮತ್ತೆ ಬರೆಯುತ್ತೇನೆ.

ದೋಣಿಯ ವೇಳೆ ಕೇಳಲು ಬಸ್ ನಿಲ್ದಾಣದ ವಿಚಾರಣೆಗೆ ಹೋದರೆ ಅಲ್ಲಿನವನು, "ಅವರು ಗಾಳಿ ನೋಡಿ ಬಿಡ್ತಾರಮ್ಮ, ಗಡಿಯಾರ ನೋಡಲ್ಲ" ಎಂದ.

"ಗಾಳಿ ಜೋರಾದರೆ?"

"ಈ ದಡದಲ್ಲೇ ಕೂತ್ಕೋಬೇಕು."

"ಕೂತ್ಕೋತೀನಿ. ಜೀವಮಾನವೆಲ್ಲ ಲೈನ್ ಸಿಗೋವರೆಗೆ ಕೂತವಳು."

ಅವನಿಗೆ ಅರ್ಥವಾಗಲಿಲ್ಲ. ನಿನಗಾಗುತ್ತದೆ.

ಮನೆಯ ಸಮಾಚಾರ ಕೇಳು. "ಸಮುದ್ರ ಎಲ್ಲಿಗೆ ಓಡಿಹೋಗುತ್ತೆ? ಮುಂದಿನ ವರ್ಷ ಹೋದ್ರಾಯ್ತು" ಎಂದರು ಯಜಮಾನರು, ಪೇಪರಿನ ಹಿಂದಿನಿಂದ.

"ಸಮುದ್ರ ಓಡಿಹೋಗಲ್ಲ. ಓಡಿಹೋಗ್ತಿರೋಳು ನಾನು."

ಪೇಪರು ಕೆಳಗಿಳಿಯಿತು. "ಈ ವಯಸ್ಸಲ್ಲಿ ಓಡಿಹೋಗೋರಿಗೆ ಮಂಡಿ ಪಟ್ಟಿ ಬೇಕಾಗುತ್ತೆ. ನನ್ನ ಹತ್ರ ಎರಡಿದೆ, ಒಂದು ತಗೊಂಡ್ಹೋಗು." ಅದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಮಗಳು ಫೋನಿನಲ್ಲಿ, "ಅಮ್ಮಾ, ನಿಂಗೆ ಈಜು ಬರಲ್ಲ" ಎಂದಳು. "ನಿಂಗೂ ಹಾರೋಕೆ ಬರಲ್ಲ, ವಿಮಾನ ಹತ್ತಲ್ವಾ?" ಎಂದೆ.

ನಿನ್ನೆ ಚೀಲ ತುಂಬುವಾಗ ಹಳೆಯದೆಲ್ಲ ಎದ್ದು ಬಂತು. ನಿಮ್ಮೂರಿಗೆ ಆಗ ಇದ್ದದ್ದು ಒಂದೇ ಲೈನು, ಅದರಲ್ಲಿ ಸದಾ ಹುಯ್ಯೆನ್ನುವ ಸದ್ದು. "ಸಮುದ್ರ ಕಣೇ, ಕೇಳು" ಎಂದು ನಿನ್ನ ಹೆಡ್‌ಫೋನನ್ನು ನನ್ನ ಕಿವಿಗೆ ಒತ್ತಿದ್ದೆ. ಅದು ಸಮುದ್ರವಲ್ಲ, ತುಕ್ಕು ಹಿಡಿದ ತಂತಿ ಎಂದು ಲೈನ್‌ಮನ್ ಹೇಳಿದಾಗ ನೀನು ಅವನ ಜೊತೆ ಜಗಳವಾಡಿದೆ. ಅದೇ ತುಕ್ಕು ತಂತಿಯಲ್ಲಿ ಐಸ್ ಫ್ಯಾಕ್ಟರಿಯ ಮೆಕ್ಯಾನಿಕ್ ಬಿಡಿ ಭಾಗಗಳಿಗಾಗಿ ಕರೆ ಮಾಡುತ್ತಿದ್ದ. ಯಾವ ಯಂತ್ರ ಅಷ್ಟು ಸಲ ಕೆಡುತ್ತದೆ ಎಂದು ನಾವು ನಗುತ್ತಿದ್ದೆವು. ನಿನ್ನ ಮುಖ ನೋಡುವ ಮೊದಲೇ, ದನಿ ಕೇಳಿಯೇ ಮದುವೆಗೆ ಒಪ್ಪಿದ ಪುಣ್ಯಾತ್ಮ.

ಆ ಬೋರ್ಡು ನೆನಪಿದೆಯೇ? "ಕೆಲಸದ ವೇಳೆ ಸುಮ್ಮನಿರತಕ್ಕದ್ದು." ಮಾತೇ ಕೆಲಸವಾಗಿದ್ದ ಜಾಗದಲ್ಲಿ ಅದನ್ನು ಬರೆಸಿ ಹಾಕಿದ ಸೂಪರ್‌ವೈಸರಿಗೆ ನೀನು, "ಸುಮ್ಮನಿದ್ರೆ ಸಂಬಳ ಯಾರು ಕೊಡ್ತಾರೆ ಸಾರ್?" ಎಂದೆ. "ಸುಮ್ಮನಿರೇ, ಗಂಟೆ ಬಡಿದ ಹಾಗೆ ಬಡಿತೀಯ" ಎಂದು ಅವನು ಗದರಿದ, ಅಂದಿನಿಂದ ನೀನು ಗಂಟೆಯಾದೆ. ಯಂತ್ರಗಳಿಗೆ ಫ್ಯಾನು ಹಾಕಿ ನಮ್ಮನ್ನು ಬೇಯಿಸಿದಾಗ ಕರಪತ್ರ ಬರೆದವಳು ನಾನು, ಗೇಟಿನಲ್ಲಿ ನಿಂತು ಓದಿದವಳು ನೀನು. ನನ್ನ ಬೆರಳಿನ ಕಲೆ ನೋಡಿ ನನಗೆ ಶಾಯಿ ಎಂದು ಹೆಸರಿಟ್ಟೆ. ಫ್ಯಾನು ಬಂತು. ನನ್ನ ಬರಹದಿಂದ ಅಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ಮದುವೆಯಾಗಿ ನೀನು ಹೋದ ಮೇಲೆ ಪ್ರತಿ ಭಾನುವಾರ ಮಾತಾಡಿದೆವು. ಬರುತ್ತೇನೆ, ಬರುತ್ತೇನೆ ಎಂದು ನಾನು ಅಷ್ಟೂ ವರ್ಷ ಹೇಳಿದೆ. ಅತ್ತೆಯ ಕಾಯಿಲೆ, ಮಗಳ ಪರೀಕ್ಷೆ, ಸಿಗದ ರಜೆ. ಕಳೆದ ಮಳೆಗಾಲದಿಂದ ಯಾವಾಗ ಫೋನ್ ಮಾಡಿದರೂ ನಿನ್ನ ಮೆಕ್ಯಾನಿಕ್ಕೇ ಎತ್ತುತ್ತಾನೆ. "ಅವಳು ಹೊರಗೆ ಹೋಗಿದ್ದಾಳೆ ಅಕ್ಕ." ಅಷ್ಟು ಸಣ್ಣ ಊರಿನಲ್ಲಿ ಹೊರಗೆ ಎನ್ನುವುದು ಅದೆಷ್ಟು ದೊಡ್ಡದಿದೆ?

ಏಪ್ರಿಲ್ ನಾಲ್ಕಕ್ಕೆ, ಗಾಳಿ ಒಪ್ಪಿದರೆ, ಆ ದಡದಲ್ಲಿರುತ್ತೇನೆ. ಒಪ್ಪದಿದ್ದರೆ ಐದಕ್ಕೆ. ಕರೆಯಲು ಬರಬೇಡ, ದಾರಿ ಕೇಳಿಕೊಂಡು ಬರುವಷ್ಟು ಬಾಯಿ ನನಗಿದೆ. ಮೆಕ್ಯಾನಿಕ್‌ಗೆ ನನ್ನ ನಮಸ್ಕಾರ. ನಿನಗಿಂತ ಮೂರು ತಿಂಗಳು ದೊಡ್ಡವಳೆಂಬ ಅಧಿಕಾರದಿಂದ ಹರಸುತ್ತೇನೆ, ನೂರು ಕಾಲ ಬಾಳು, ನನ್ನನ್ನು ಕಾಡಿಸಿಕೊಂಡು.

ನಿನ್ನ
ಶಾಯಿ

ಮರೆತ ಮಾತು: ಮರೆತದ್ದೇನಲ್ಲ. ಮೇಲಿನದನ್ನೆಲ್ಲ ಏನೂ ಗೊತ್ತಿಲ್ಲದವಳಂತೆ ಬರೆದೆ. ಹೋದ ಭಾನುವಾರ ಫೋನಿನಲ್ಲಿ ನಿನ್ನ ಗಂಡ "ಹೊರಗೆ" ಎಂದ, ಆ ದಿನ ನೀನು ನಿಜಕ್ಕೂ ಹೊರಗಿದ್ದೆಯಂತೆ. ಆಮೇಲೆ ಎಲ್ಲ ಹೇಳಿದ. ಗಂಟಲಿನ ಗಡ್ಡೆ, ಆಪರೇಷನ್, ಇನ್ನು ದನಿ ಬರುವುದಿಲ್ಲವೆಂಬುದು. ಉಳಿದಷ್ಟು ಸಲವೂ ನೀನು ಅವನ ಪಕ್ಕದಲ್ಲೇ ಕೂತು ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದೆಯಂತೆ. "ಅವಳು ಕಿವಿ ಹಚ್ಚಿ ಕೂತಿರ್ತಾಳೆ ಅಕ್ಕ, ಹೇಳಬೇಡ ಅಂತ ಕೈ ಆಡಿಸ್ತಾಳೆ" ಎಂದ.

ನಿನ್ನ ದನಿ ಹೋದದ್ದಕ್ಕೆ ಅತ್ತಿದ್ದೇನೆ, ಅದು ಬೇರೆ. ಆದರೆ ದನಿಯಿಲ್ಲದ ನಿನ್ನ ಹತ್ತಿರ ನನಗೇನು ಕೆಲಸ ಎಂದುಕೊಂಡೆಯಲ್ಲ, ಅದು ನನಗೆ ಇನ್ನೂ ಚುಚ್ಚುತ್ತಿದೆ.

ಕೆಲಸವೇನೂ ಇಲ್ಲ. ಆ ಟ್ರಾವೆಲ್ಸ್ ಹುಡುಗಿಗೆ ನಾನು ಹೇಳಿದ್ದೇ ಸರಿ. ದಡದಲ್ಲಿ ಇಬ್ಬರಿಗೆ ಜಾಗ ನೋಡಿಡು. ಈ ಸಲ ತಂತಿಯಲ್ಲದ ಸಮುದ್ರ ಕೇಳುತ್ತ ಕೂರೋಣ, ಸುಮ್ಮನೆ.