ರಾವಂದೂರು ಕೆರೆ ನಿಂತ ದಿನ

ರಾವಂದೂರು, ಶ್ರಾವಣ, 1931

ಗೆಳೆಯ ಬೀರಯ್ಯನಿಗೆ,

ನೀನು ಕೊಡಗಿನ ಯಾವ ತೋಟದಲ್ಲಿದ್ದೀಯೋ ಇಲ್ಲಿ ಯಾರಿಗೂ ತಿಳಿಯದು. ಆದರೂ ಇವತ್ತಿನ ಸಂತೋಷವನ್ನು ನಿನಗೇ ಹೇಳಬೇಕೆನ್ನಿಸಿತು. ನಮ್ಮ ಕೆರೆ ನಿಂತಿತು.

ಹೋದ ವರ್ಷ ಏರಿ ಒಡೆದಾಗ ನನ್ನ ಮೇಸ್ತ್ರಿಗಿರಿಯ ದರ್ಪವೂ ಕೊಚ್ಚಿಹೋಯಿತು. ಈ ಬೇಸಗೆಯಲ್ಲಿ ಏರಿ ಮತ್ತೆ ಕಟ್ಟುವಾಗ ದಿನಾ ಬೆಳಿಗ್ಗೆ ಆಳುಗಳನ್ನೆಲ್ಲ ಕೂರಿಸಿ, "ನಿನ್ನೆ ಏನ್ ಕಂಡ್ರಿ?" ಎಂದು ಕೇಳತೊಡಗಿದೆ. ಮೊದಮೊದಲು ಎಲ್ಲರೂ ನೆಲ ನೋಡುತ್ತಿದ್ದರು. ಒಂಬತ್ತನೇ ದಿನ ಮಣ್ಣು ಹೊರುವ ತಿಮ್ಮಮ್ಮ ಬಾಯಿಬಿಟ್ಟಳು.

"ತೂಬಿನ ಪಕ್ಕ ಏಡಿ ಬಿಲ ಅವೆ ಕಣ್ರೀ ಮೇಸ್ತ್ರಿ. ಕೋಲು ಇಟ್ರೆ ಒಳೀಕೇ ಓಯ್ತದೆ."

ಅಗೆದು ನೋಡಿದರೆ ಒಳಗೆಲ್ಲ ಪೊಳ್ಳು. ಜೇಡಿಮಣ್ಣು ತುಂಬಿ ಗಟ್ಟಿಯಾಗಿ ತುಳಿದೆವು. ಇವತ್ತು ಕೆರೆ ಕೋಡಿ ಬಿತ್ತು, ಏರಿ ಅಲುಗಲಿಲ್ಲ. ಆಳುಗಳೆಲ್ಲ ಕೋಡಿಗಿಳಿದು ನೀರೆರಚಾಡಿದರು. ನನ್ನನ್ನೂ ತೋಯಿಸಿದರು, ನಾನೂ ಬಿಡಲಿಲ್ಲ.

ಆ ನಗುವಿನ ನಡುವೆ ತಿಮ್ಮಮ್ಮ ಅಂದಳು: "ವಾದ್ ವರ್ಸ ಬೀರಣ್ಣ ನಿಮ್ತಾವ ಏಳಕ್ ಬಂದಿದ್ದೂ ಇದ್ನೇಯ."

ನೀನು ಬಂದದ್ದು ನೆನಪಿದೆ. ನಿನ್ನ ಮಾತು ಪೂರ್ತಿ ಕೇಳದೆ ನಾನು "ಬುಟ್ಟಿ ಎತ್ತು" ಎಂದಷ್ಟೇ ಅಂದಿದ್ದೆ.

ನಾಳೆಯಿಂದ ಕಾಲುವೆ ಕೆಲಸ. ಬೆಳಿಗ್ಗೆ ಮತ್ತೆ ಕೂರಿಸಿ ಕೇಳುತ್ತೇನೆ. ಈಗ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ ಬೀರ, ಯಾರ ಮಾತು ಮೊದಲು ಕೇಳುವುದು ಅನ್ನುವುದೇ ನನಗಿರುವ ಕಷ್ಟ.

ನಿನ್ನ
ಮಹದೇವಯ್ಯ