ಮುಂಚಿತವಾಗಿ ಹಾಕಿದ ಏಳು ಸಹಿ

ಶನಿವಾರ, ಮಾರ್ಚ್ ೧೪
ಸಂಗೀತದ ಕೋಣೆ, ಮಧ್ಯಾಹ್ನ

ಅಕ್ಕಾ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡವಾಗಿ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಇನ್ನೊಂದು ಕ್ಷಮೆಯೂ ಬಾಕಿ ಇದೆ. ಧೈರ್ಯ ಬಂದರೆ ಕೊನೆಯಲ್ಲಿ ಕೇಳುತ್ತೇನೆ.

ಕೆಲಸ ಬಿಡ್ತೀನಿ ಅಂತ ಹಾರಾಡ್ತಿದ್ದೀಯಂತೆ, ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ಏನಾಯಿತು ಅಂತ ಬರಿ, ಭಾಷಣ ಬೇಡ ಎಂದು ಅದರಲ್ಲಿ ನೀನು ಬರೆದಿದ್ದೆ. ಹದಿನಾರು ಪುಟದ ಪುಸ್ತಕ ಓದಿ ಹದಿನಾರು ಊರಿಗೆ ಬುದ್ಧಿ ಹೇಳುವವಳು ಎಂದು ನೀನು ನನ್ನನ್ನು ಗೇಲಿ ಮಾಡುತ್ತಿದ್ದೆಯಲ್ಲ, ಆ ಪುಸ್ತಕಗಳೆಲ್ಲ ಈಗ ಮಂಚದ ಕೆಳಗಿವೆ. ಹೊಸದೊಂದನ್ನೂ ಕೊಂಡಿಲ್ಲ. ಇದರಿಂದಲೇ ನನ್ನ ಸ್ಥಿತಿ ನಿನಗೆ ಅರ್ಥವಾಗಬೇಕು.

ನಾನಿರುವ ಕೋಣೆ ಹೇಗಿದೆ ಎಂದು ಹೇಳಿಬಿಡುತ್ತೇನೆ. ನಲವತ್ತೆರಡು ಕುರ್ಚಿ, ಅರ್ಧ ವೃತ್ತದಲ್ಲಿ. ಕತ್ತು ಸೊಟ್ಟಗಾದ ಸ್ವರಪುಸ್ತಕದ ಸ್ಟ್ಯಾಂಡುಗಳು. ಎಲ್ಲದರ ಮೇಲೂ ಕಮಾನಿಗೆ ಉಜ್ಜುವ ರಾಳದ ಬಿಳಿ ಪುಡಿ. ಹಿಂದಿನ ಗೋಡೆಗೆ ಉದ್ದಕ್ಕೂ ಕಪಾಟು, ಅದರಲ್ಲಿ ಶಾಲೆಯ ವಾದ್ಯಗಳು. ಮಕ್ಕಳು ಬರುವ ಮೊದಲು ತಂತಿಗಳ ಶ್ರುತಿ ಸರಿಮಾಡುವುದು, ಜಾರಿದ ಬಿರಡೆ ಬಿಗಿಮಾಡುವುದು, ಕಾರ್ಡು ಸಂಗ್ರಹಿಸುವುದು, ಅಂಕ ತುಂಬುವುದು ನನ್ನ ಕೆಲಸ. ವಾದ್ಯವೃಂದ ನಡೆಸುವವರು ಟಕಟಕ ಮೇಷ್ಟ್ರು. ಮಕ್ಕಳು ಇಟ್ಟ ಹೆಸರು. ಯಾವಾಗ ನೋಡಿದರೂ ಪೆನ್ಸಿಲಿನಿಂದ ಸ್ಟ್ಯಾಂಡನ್ನು ಕುಟ್ಟುತ್ತಿರುತ್ತಾರೆ. ಅವರ ಕಾಫಿ ಲೋಟಕ್ಕೂ ಆ ಏಟು ತಪ್ಪಿಲ್ಲ.

ಬಾಗಿಲ ಪಕ್ಕದಲ್ಲಿ ಅಂಕದ ಪಟ್ಟಿ ಅಂಟಿಸಿದೆ. ಮನೆಯಲ್ಲಿ ಮಾಡಿದ ಅಭ್ಯಾಸಕ್ಕೆ ನಲವತ್ತು. ಶಿಸ್ತಿಗೆ ಇಪ್ಪತ್ತು. ಹಾಜರಿಗೆ ಹದಿನೈದು. ಉಡುಪಿಗೆ, ಅಂದರೆ ಬಿಳಿ ಅಂಗಿ ಕಪ್ಪು ಬೂಟಿಗೆ, ಹದಿನೈದು. ನುಡಿಸುವುದಕ್ಕೆ ಹತ್ತು. ಹೌದು ಅಕ್ಕಾ, ಪಿಟೀಲು ಹಿಡಿದು ಕೂತ ಮಗುವಿಗೆ ಬೂಟಿಗಿಂತ ನುಡಿಸಿದ್ದಕ್ಕೆ ಕಡಿಮೆ. ಅರವತ್ತಕ್ಕಿಂತ ಕೆಳಗೆ ಬಂದವರು ತಂಡದಿಂದ ಹೊರಗೆ. ಶಾಲೆಯ ವಾದ್ಯವಿದ್ದರೆ ವಾಪಸ್ ಕೊಡಬೇಕು.

ಈ ಪಟ್ಟಿ ಯಾರು ಮಾಡಿದ್ದು ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಅದನ್ನು ನಾನು ಮಾಡಿದೆ. ಉಡುಪಿನ ಸಾಲೊಂದು ಮೇಷ್ಟ್ರದು, ಉಳಿದದ್ದೆಲ್ಲ ನನ್ನದು.

ಮುಂಚೆ ನುಡಿಸುವುದಕ್ಕೇ ಎಪ್ಪತ್ತಿತ್ತು. ಮನೆಗೆ ಬಂದು ಕಲಿಸುವ ಗುರುಗಳಿದ್ದ ಮಕ್ಕಳೇ ಆ ಎಪ್ಪತ್ತನ್ನು ಬಾಚಿಕೊಳ್ಳುತ್ತಿದ್ದರು. ಇದು ಅನ್ಯಾಯ, ಪ್ರತಿಭೆಗಲ್ಲ, ಶ್ರಮಕ್ಕೆ ಅಂಕ ಸಿಗಬೇಕು ಎಂದು ನಾನು ಸೇರಿದ ಎರಡನೇ ತಿಂಗಳಲ್ಲೇ ಮೇಷ್ಟ್ರ ಮುಂದೆ ಮುಕ್ಕಾಲು ಗಂಟೆ ವಾದಿಸಿದೆ. ನಾನು ಓದಿದ ಶಾಲೆಯಲ್ಲಿದ್ದ ಅಭ್ಯಾಸದ ಕಾರ್ಡನ್ನೇ ಗೆರೆ ಎಳೆದು ತೋರಿಸಿದೆ: ವಾರಕ್ಕೆ ಏಳು ಮನೆ, ದಿನಕ್ಕೊಂದು, ಅದರಲ್ಲಿ ನಿಮಿಷ, ಪಕ್ಕದಲ್ಲಿ ಹೆತ್ತವರ ಸಹಿ. ಅವರು ಇಷ್ಟು ಬೇಗ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. ಭಲೇ ಹುಡುಗಿ, ತಲೆ ಇದೆ ನಿನಗೆ ಅಂದರು. ಯಾಕೆ ಎಂದು ಆಮೇಲೆ ತಿಳಿಯಿತು. ನಲವತ್ತೆರಡು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಲು ಅವರಿಗೆ ಒಂದು ವಾರ ಬೇಕಿತ್ತು. ಸಹಿ ಎಣಿಸಲು ಒಂದು ಮಧ್ಯಾಹ್ನ ಸಾಕು, ಅದೂ ನನ್ನ ಮಧ್ಯಾಹ್ನ.

ಮೊದಲ ಸಾಲಿನಲ್ಲಿ ಚೆಲ್ಲೊ, ಅಂದರೆ ಕಾಲ ನಡುವೆ ಇಟ್ಟು ನುಡಿಸುವ ದೊಡ್ಡ ಪಿಟೀಲು, ಅದರ ಹುಡುಗ ಒಬ್ಬನಿದ್ದಾನೆ. ಅವನಮ್ಮ ಪೋಷಕರ ಸಮಿತಿಯ ಅಧ್ಯಕ್ಷೆ. ಅವನ ಕಾರ್ಡಿನಲ್ಲಿ ದಿನಕ್ಕೆ ನಲವತ್ತೈದು ನಿಮಿಷ, ಕೆಳಗೆ ಹೂವಿನ ಬಳ್ಳಿಯಂಥ ಸಹಿ. ಆದರೆ ಅವನ ಚೆಲ್ಲೊ ಸೋಮವಾರದಿಂದ ಸೋಮವಾರದವರೆಗೆ ಈ ಕೋಣೆ ಬಿಟ್ಟು ಅಲುಗುವುದಿಲ್ಲ. ದಿನಾ ಧೂಳು ಒರೆಸುವವಳು ನಾನು, ನನಗೆ ಗೊತ್ತಿಲ್ಲವೇ? ಮೇಷ್ಟ್ರಿಗೆ ಹೇಳಿದೆ. ತಾಯಿ ಸಹಿ ಹಾಕಿದ ಮೇಲೆ ನಾವ್ಯಾರಮ್ಮ ಕೇಳೋಕೆ, ಆ ಹುಡುಗ ಮನಸ್ಸಿನಲ್ಲೇ ಅಭ್ಯಾಸ ಮಾಡ್ತಾನೇನೋ ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಬಾಯಿ ತೊಳೆಯಬೇಕು ಅನ್ನಿಸುತ್ತದೆ. ನಲವತ್ತಕ್ಕೆ ನಲವತ್ತು ಎಂದು ನನ್ನ ಕೈಯಾರೆ ಬರೆದೆ.

ಈಗ ಇರುವೆಯ ವಿಷಯ.

ಇರುವೆ ಅಂದರೆ ಹನ್ನೆರಡರ ಒಂದು ಹುಡುಗಿ. ಸಣಕಲು ಮೈ, ಬೆನ್ನಿಗೆ ತನಗಿಂತ ದಪ್ಪವಾಗಿ ಕಾಣುವ ವಿಯೋಲಾ ಪೆಟ್ಟಿಗೆ. ದೂರದಿಂದ ನೋಡಿದರೆ ಸಕ್ಕರೆ ಕಾಳು ಹೊತ್ತ ಇರುವೆಯೇ. ವಿಯೋಲಾ ಅಂದರೆ ಪಿಟೀಲಿನ ದಪ್ಪ ದನಿಯ ಅಕ್ಕ; ಅದು ಶಾಲೆಯದು. ಮನೆಯಲ್ಲಿ ಅವಳು, ಅವಳಪ್ಪ, ಅಷ್ಟೇ. ಅಪ್ಪ ಬ್ರೆಡ್ ಸುಡುವ ಭಟ್ಟಿಯಲ್ಲಿ ರಾತ್ರಿ ಪಾಳಿ. ಅವಳು ಅಭ್ಯಾಸ ಮುಗಿಸಿ ಮನೆ ಸೇರುವ ಹೊತ್ತಿಗೆ ಅವನು ಹೊರಟಿರುತ್ತಾನೆ. ಅವಳು ಬೆಳಿಗ್ಗೆ ಶಾಲೆಗೆ ಹೊರಟಾಗ ಅವನು ಬಸ್ಸಿನಿಂದ ಇಳಿಯುತ್ತಾನೆ. ಅಪ್ಪ ಮಗಳು ಭೇಟಿಯಾಗುವುದು ಬಸ್ ನಿಲ್ದಾಣದಲ್ಲಿ, ಐದು ನಿಮಿಷ. ಭಾನುವಾರ ಮಾತ್ರ ಪೂರ್ತಿ ದಿನ.

ಮನೆಯ ಗೋಡೆ ಹಲಗೆಯದು. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳಿದ್ದಾಳೆ. ವಾದ್ಯದ ಸದ್ದು ಕೇಳಿದರೆ ಅವತ್ತೇ ಮನೆ ಖಾಲಿ ಮಾಡಿ ಎಂದು ಮನೆಯೊಡತಿ ಹೇಳಿಬಿಟ್ಟಿದ್ದಳು. ಹಾಗಾಗಿ ಈ ಹುಡುಗಿ ಕಮಾನು ಮುಟ್ಟದೆ, ಎಡಗೈ ಬೆರಳನ್ನಷ್ಟೇ ತಂತಿಯ ಮೇಲೆ ಓಡಿಸಿ ಅಭ್ಯಾಸ ಮಾಡುತ್ತಿದ್ದಳು. ಸದ್ದೇ ಇಲ್ಲ. ಕಾರ್ಡಿನಲ್ಲಿ ಅದನ್ನೂ ಮುಚ್ಚಿಡದೆ ಬರೆಯುತ್ತಿದ್ದಳು: ನಲವತ್ತು ನಿಮಿಷ, ಕಮಾನಿಲ್ಲದೆ. ಈ ಸಲ ನುಡಿಸುವ ಪರೀಕ್ಷೆಯಲ್ಲಿ ಇಡೀ ತಂಡದಲ್ಲಿ ಹತ್ತಕ್ಕೆ ಹತ್ತು ಬಂದದ್ದು ಅವಳೊಬ್ಬಳಿಗೇ. ಕಾರ್ಯಕ್ರಮದಲ್ಲಿ ವಿಯೋಲಾ ಒಂದೇ ನುಡಿಸುವ ಅರ್ಧ ನಿಮಿಷದ ಭಾಗವಿದೆ. ಅದನ್ನೂ ಅವಳಿಗೇ ಕೊಟ್ಟರು.

ದಿನಾ ಸಹಿ ಬೇಕು, ನಿಲ್ದಾಣದ ಐದು ನಿಮಿಷ ಬಸ್ಸು ಹತ್ತುವ ಗಡಿಬಿಡಿಗೇ ಸರಿ, ಅಪ್ಪ ಕೂತು ಸಿಗುವುದು ಭಾನುವಾರ. ಆ ಮನುಷ್ಯ ತನಗೆ ತೋಚಿದ ದಾರಿ ಕಂಡುಕೊಂಡ. ಭಾನುವಾರ ಕೂತು ಬರುವ ವಾರದ ಏಳು ಮನೆಗೂ ಒಟ್ಟಿಗೆ ಸಹಿ ಹಾಕಿಬಿಡುತ್ತಿದ್ದ. ಮಗಳು ದಿನದಿನದ ನಿಮಿಷ ತುಂಬುತ್ತಿದ್ದಳು.

ಫೆಬ್ರವರಿಯ ಒಂದು ಬುಧವಾರ, ಸ್ವರಪುಸ್ತಕದಿಂದ ಅವಳ ಕಾರ್ಡು ಜಾರಿ ನನ್ನ ಕಾಲ ಬಳಿ ಬಿತ್ತು. ಎತ್ತಿ ನೋಡಿದೆ. ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ನಿಮಿಷದ ಮನೆಗಳೆಲ್ಲ ಖಾಲಿ, ಸಹಿಗಳೆಲ್ಲ ಸಿದ್ಧ. ನನಗೆ ಏನೋ ಒಂದು ಹುರುಪು ಬಂತು ಅಕ್ಕಾ. ನನ್ನ ಪದ್ಧತಿಗೆ ಯಾರೋ ಕನ್ನ ಹಾಕಿದ್ದಾರೆ ಎಂಬ ಹುರುಪು. ನಿಯಮವೆಂದರೆ ಎಲ್ಲರಿಗೂ ಒಂದೇ ಎಂದು ಯಾವುದೋ ಪುಟದಲ್ಲಿ ಗೆರೆ ಹಾಕಿ ಓದಿದ್ದೆ. ಕಾರ್ಡನ್ನು ನೆಟ್ಟಗೆ ಮೇಷ್ಟ್ರ ಮೇಜಿಗೆ ಒಯ್ದು ಇಟ್ಟೆ. ಅಧ್ಯಕ್ಷೆಯ ಮಗನ ವಿಷಯದಲ್ಲಿ ನಕ್ಕು ಸುಮ್ಮನಾದವಳಿಗೆ ಭಟ್ಟಿ ಕೆಲಸದವನ ಮಗಳೆಂದರೆ ಎಲ್ಲಿಂದಲೋ ಬೆನ್ನುಮೂಳೆ ಬಂದುಬಿಟ್ಟಿತ್ತು. ಅವಳನ್ನು ಹಿಡಿದುಕೊಟ್ಟವಳು ನಾನು. ಅಮ್ಮನಿಗೆ ಇದನ್ನು ಓದಿ ಹೇಳಬೇಡ.

ಮೇಷ್ಟ್ರು ಪೆನ್ಸಿಲು ಕುಟ್ಟುತ್ತ ನೋಡಿದರು. ಇಡೀ ಅವಧಿಯ ಅಭ್ಯಾಸಕ್ಕೆ ಸೊನ್ನೆ ಎಳೆದರು. ಉಡುಪಿನಲ್ಲೂ ಐದು ಹೋಗಿತ್ತು: ಕಂದು ಬೂಟಿಗೆ ಕಪ್ಪು ಪಾಲಿಶ್ ಬಳಿದು ಬರುತ್ತಿದ್ದಳು, ಹೊಲಿಗೆಯಲ್ಲಿ ಕಂದು ಇಣುಕುತ್ತಿತ್ತು. ಒಟ್ಟು ಐವತ್ತೈದು.

ಮರುದಿನ ಅವಳಪ್ಪ ನಿದ್ದೆ ಬಿಟ್ಟು ಬಂದ. ಹುಬ್ಬಿನ ಮೇಲೆ ಇನ್ನೂ ಹಿಟ್ಟಿತ್ತು. ಒಳಗೆ ಬನ್ನಿ ಎಂದರೂ ಹೊಸ್ತಿಲು ದಾಟಲಿಲ್ಲ. ತಪ್ಪು ನಂದು ಸಾರ್, ಅವಳು ಬೇಡಪ್ಪ ಅಂದ್ಲು, ನಾನೇ ಹಾಕ್ದೆ ಅಂದ. ಮಾಡದ ಅಭ್ಯಾಸಕ್ಕೆ ಸಹಿ ಹೇಗ್ರೀ ಹಾಕಿದ್ರಿ ಎಂದು ಮೇಷ್ಟ್ರು ಕೇಳಿದರು. ಮಾಡ್ತಾಳೆ ಅಂತ ಗೊತ್ತಲ್ಲ ಸಾರ್, ಇವತ್ತು ಹಾಕಿದ್ರೇನು ನಾಳೆ ಹಾಕಿದ್ರೇನು ಅಂದ. ಮೇಷ್ಟ್ರು ನಿಯಮ ನಿಯಮವೇ ಅಂದರು. ಅವನು ಕುರ್ಚಿಗಳ ಕಡೆ ನೋಡಿದ. ಆಮೇಲೆ, ಯಾರಿಗೂ ಅಲ್ಲ ಎನ್ನುವ ಹಾಗೆ, ನಾನು ಅವಳು ನುಡಿಸಿದ್ದು ಒಂದ್ಸಲಾನೂ ಕೇಳಿಲ್ಲ, ಮನೇಲಿ ಸದ್ದು ಮಾಡೋ ಹಾಗಿಲ್ಲವಲ್ಲ, ಕಾರ್ಯಕ್ರಮದ ದಿನಕ್ಕೆ ರಜಾ ಬರೆದುಕೊಟ್ಟಿದ್ದೆ ಅಂದ.

ಅಧ್ಯಾಪಕರ ಕೊಠಡಿಯಲ್ಲಿ ನನಗೆ ಶಭಾಷ್ ಸಿಕ್ಕಿತು. ಚುರುಕು ಕಣ್ಣಮ್ಮ ನಿಂದು ಅಂದರು.

ಆಮೇಲೆ ನಾನು ಮೇಷ್ಟ್ರ ಬಳಿ ಹೋಗಿ ಗೋಗರೆದೆ, ಜಗಳವಾಡಿದೆ, ಚೆಲ್ಲೊದ ಕಥೆ ಎತ್ತಿದೆ. ಪಟ್ಟಿ ಯಾರದಮ್ಮ, ನಿಂದೇ ತಾನೆ ಅಂದರು. ಅವತ್ತೇ ರಾಜೀನಾಮೆ ಬರೆದೆ, ಹತ್ತೊಂಬತ್ತು ಸಾಲು; ಕಾರ್ಯಕ್ರಮ ಮುಗಿದ ಮೇಲೆ ಕೊಡಲೆಂದು ಇಟ್ಟುಕೊಂಡೆ. ಅಮ್ಮನಿಗೆ ಸುದ್ದಿ ಮುಟ್ಟಿದ್ದು ಆಗಲೇ.

ವಾದ್ಯ ವಾಪಸ್ ಕೊಡಲು ಇರುವೆ ಒಬ್ಬಳೇ ಬಂದಳು. ಅಳಲಿಲ್ಲ. ತಂತಿಗಳನ್ನು ಸ್ವಲ್ಪ ಸಡಿಲ ಮಾಡಿದ್ದಳು, ರಾಳದ ಪುಡಿ ಒರೆಸಿದ್ದಳು, ಕಮಾನಿನ ಕೂದಲಿನ ಬಿಗಿ ಇಳಿಸಿದ್ದಳು. ಒಳಗಿಂದ ಒಂದು ಸ್ಪಾಂಜು ಬಿಚ್ಚಿಕೊಂಡಳು. ಭುಜಕ್ಕೆ ಆತುಕೊಳ್ಳಲಿ ಎಂದು ವಾದ್ಯಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದದ್ದು. ಇದು ನಮ್ಮನೇದು ಮಿಸ್, ಪಾತ್ರೆ ತೊಳೆಯೋದು ಅಂದಳು. ಜೇಬಿಗೆ ಹಾಕಿಕೊಂಡು ಹೋದಳು.

ಕಾರ್ಯಕ್ರಮ ಹೋದ ಶನಿವಾರ ಆಯಿತು. ಅವಳ ಅರ್ಧ ನಿಮಿಷವನ್ನು ಮೇಷ್ಟ್ರು ಪಿಯಾನೋಗೆ ಕೊಟ್ಟಿದ್ದರು. ಚೆಲ್ಲೊ ಹುಡುಗ ಕಮಾನನ್ನು ತಂತಿಗೆ ತಾಗಿಸದೆ ಒಂದು ಬೆರಳಿನಷ್ಟು ಮೇಲೆ ಆಡಿಸುತ್ತಿದ್ದ. ಅವನ ಬೂಟು ಮಾತ್ರ ಕನ್ನಡಿಯ ಹಾಗಿತ್ತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಏನೋ ಕಾಣೆಯಾಗಿದೆ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಇಷ್ಟು ಹೇಸಿಗೆಯ ಚಪ್ಪಾಳೆ ನಾನು ಕೇಳಿರಲಿಲ್ಲ.

ರಜಾ ಬರೆದುಕೊಟ್ಟಿದ್ದನಲ್ಲ, ಅವನು ಬಂದಿದ್ದ. ಕೊನೆಯ ಸಾಲು, ಪಕ್ಕದಲ್ಲಿ ಮಗಳು. ನಾನು ಪರದೆಯ ಅಂಚಿನಿಂದ ನೋಡುತ್ತಿದ್ದೆ. ಪಿಯಾನೋ ಆ ಅರ್ಧ ನಿಮಿಷಕ್ಕೆ ಬಂದಾಗ ಹುಡುಗಿಯ ಎಡಗೈ ಬೆರಳುಗಳು ಮೊಣಕಾಲ ಮೇಲೆ ಓಡತೊಡಗಿದವು. ಅಪ್ಪ ವೇದಿಕೆ ನೋಡುವುದು ಬಿಟ್ಟು ಆ ಬೆರಳನ್ನೇ ನೋಡಿದ, ಮುಗಿಯುವವರೆಗೆ.

ಸೋಮವಾರ ರಾಜೀನಾಮೆ ಕೊಡಲೆಂದೇ ಬಂದೆ. ಕಾಗದ ಕೈಯಲ್ಲಿತ್ತು. ಕಪಾಟಿನ ಮೇಲೆ ತೂಗುಹಾಕಿದ, ವಾದ್ಯಗಳ ಲೆಕ್ಕ ಇಡುವ ಪುಸ್ತಕ ಕಣ್ಣಿಗೆ ಬಿತ್ತು. ಅದರ ಮೊದಲ ಪುಟದಲ್ಲಿ ಒಂದು ಸಾಲಿದೆ: ಸಿಬ್ಬಂದಿ ತಮ್ಮ ಅಭ್ಯಾಸಕ್ಕಾಗಿ, ಸೇವೆಯಲ್ಲಿರುವವರೆಗೆ, ಒಂದು ವಾದ್ಯವನ್ನು ಮನೆಗೆ ಒಯ್ಯಬಹುದು. ಇರುವೆಯ ವಿಯೋಲಾದ ಸಾಲಿನಲ್ಲಿ, ಬಳಸುವವರು ಎಂಬಲ್ಲಿ ನನ್ನ ಹೆಸರು ಬರೆದೆ. ನಾನು ಪಿಟೀಲಿನವಳು, ವಿಯೋಲಾ ನನ್ನದಲ್ಲ ಎಂದು ಮೇಷ್ಟ್ರಿಗೆ ಗೊತ್ತು. ಆದರೆ ಅವರು ಓದುವುದಿಲ್ಲ, ಸಹಿ ಇದೆಯೇ ಎಂದಷ್ಟೇ ನೋಡುತ್ತಾರೆ. ಇನ್ನೂ ಒಂದು ಕೇಳು. ಆ ಪುಸ್ತಕದಲ್ಲಿ ಪ್ರತಿ ಸೋಮವಾರ, ಬರುವ ಏಳು ದಿನಕ್ಕೂ ಒಟ್ಟಿಗೆ ಸಹಿ ಹಾಕಬೇಕು. ಮುಂಚಿತವಾಗಿ. ಅದು ನಿಯಮ.

ಆ ಹುಡುಗಿಯ ಮುಖ ನೋಡುವ ಧೈರ್ಯ ಬರಲು ನಾಲ್ಕು ದಿನ ಹಿಡಿಯಿತು. ನಿನ್ನೆ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದೆ. ಅವನು ಬಸ್ಸಿಳಿದ, ಅವಳು ಕಾಯುತ್ತಿದ್ದಳು. ಕಾರ್ಡು ಹಿಡಿದುಕೊಟ್ಟವಳು ನಾನೇ ಎಂದು ಮೊದಲು ಹೇಳಿದೆ. ಗೊತ್ತು ಮಿಸ್, ನೋಡಿದ್ದೆ ಅಂದಳು ಇರುವೆ. ಪೆಟ್ಟಿಗೆಯನ್ನು ಮುಂದೆ ಚಾಚಿದೆ. ಅವಳು ಕೈ ನೀಡಲಿಲ್ಲ. ಇದಕ್ಕೂ ಕಾರ್ಡ್ ತುಂಬಬೇಕಾ ಎಂದು ಕೇಳಿದಳು. ಬೇಡ ಅಂದೆ. ಹಂಗಾದ್ರೆ ಎಷ್ಟು ನಿಮಿಷ ಅಂತ ಯಾರೂ ಕೇಳಲ್ವಾ ಅಂದಳು. ಯಾರೂ ಕೇಳಲ್ಲ ಅಂದೆ.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಶ್ರುತಿ ಸರಿಮಾಡಿದಳು. ಜೇಬಿನಲ್ಲಿ ಆ ಸ್ಪಾಂಜು ಇನ್ನೂ ಇತ್ತು. ಇಲ್ಲಿ ಗೋಡೆ ಇಲ್ವಲ್ಲಪ್ಪಾ ಎಂದು ಅಪ್ಪನ ಕಡೆ ನೋಡಿ, ಆ ಅರ್ಧ ನಿಮಿಷ ಕಮಾನಿಟ್ಟು ಜೋರಾಗಿ ನುಡಿಸಿದಳು. ನಡುವೆ ಅವಳ ಬಸ್ಸು ಬಂದು, ಹಾರ್ನ್ ಹೊಡೆದು, ಹೊರಟುಹೋಯಿತು. ಅವನು ಹಿಟ್ಟಿನ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಮುಗಿದ ಮೇಲೆ, ಇನ್ನೊಂದ್ಸಲ ಮಗಾ ಅಂದ.

ಹಾಗಾಗಿ ಕೆಲಸ ಬಿಡುತ್ತಿಲ್ಲ, ಅಮ್ಮನಿಗೆ ಊಟ ಮಾಡಲು ಹೇಳು. ಬಿಟ್ಟರೆ ವಿಯೋಲಾ ಕಪಾಟಿಗೆ ವಾಪಸ್ ಹೋಗುತ್ತದೆ. ಈ ಕೋಣೆ, ಈ ಪಟ್ಟಿ, ಈ ಟಕಟಕ, ಎಲ್ಲದರ ಮೇಲೂ ಅಸಹ್ಯ ಹಾಗೇ ಇದೆ. ಪಟ್ಟಿಯನ್ನು ಹರಿಯಲು ಬೇರೆ ದಾರಿ ಹುಡುಕುತ್ತಿದ್ದೇನೆ; ಈ ಸಲ ಮೊದಲು ಮಕ್ಕಳನ್ನು ಕೇಳುತ್ತೇನೆ.

ಮೂಗಿನ ತುದಿಯ ಸಿಟ್ಟು ಇನ್ನೂ ಇಳಿಯದ,
ನಿನ್ನ ಮೆಣಸಿನಕಾಯಿ

ಮರೆಯುವ ಮುನ್ನ: ಬಾಕಿ ಇದ್ದ ಕ್ಷಮೆ ಇದು. ಮುಂಚೆ ಹಾಕಿದ ಸಹಿಯನ್ನು ಅಷ್ಟು ಬೇಗ ಹೇಗೆ ಕಂಡುಹಿಡಿದೆ ಎಂದು ಮೇಷ್ಟ್ರು ಕೇಳಿದಾಗ ನಾನು ನಿಜ ಮುಚ್ಚಿಟ್ಟೆ. ಅಮ್ಮ ಕೆಲಸದಿಂದ ಬರುವುದು ತಡವೆಂದು ನಾಲ್ಕು ವರ್ಷ ನನ್ನ ಕಾರ್ಡಿಗೆ ನೀನೇ, ಅಡುಗೆ ನಡುವೆ, ಒದ್ದೆ ಕೈಯಲ್ಲಿ, ತಿಂಗಳ ಸಹಿ ಒಟ್ಟಿಗೆ ಹಾಕಿಕೊಡುತ್ತಿದ್ದೆಯಲ್ಲ. ಆ ನಿಮಿಷಗಳಲ್ಲಿ ಅರ್ಧಕ್ಕರ್ಧ ನಾನು ಗ್ರಂಥಾಲಯದಲ್ಲಿ ಕೂತು ನ್ಯಾಯದ ಬಗ್ಗೆ ಓದುತ್ತಿದ್ದೆ, ಪಿಟೀಲು ಮುಟ್ಟುತ್ತಿರಲಿಲ್ಲ. ನಿನ್ನ ಆ ಸಹಿಗಳಿಂದಲೇ ನನ್ನ ಶಾಲೆಯಲ್ಲೂ ನನಗೆ ನಲವತ್ತಕ್ಕೆ ನಲವತ್ತು ಬರುತ್ತಿದ್ದದ್ದು. ಆ ಭಟ್ಟಿಯವನು ಮಗಳನ್ನು ನಂಬಿ ಮುಂಚೆ ಹಾಕಿದ ಸಹಿಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ.